ಕರಿ ಮನೆ, ಬಿಳಿ ಮನೆ

ಸುಣ್ಣದ ಕಲ್ಲು ನೀರಿಗೆ ಬಿದ್ದಾಗ ಒಂದು ಬಿಸಿ ವಾಸನೆ ಏಳುತ್ತದೆ. ಕುದೂರಿನ ನಮ್ಮ ಗುಡಿಗೆ ಸುಣ್ಣ ಬಳಿಸುವಾಗಲೆಲ್ಲ ನಾನು ಏನಾದರೂ ನೆಪ ಹೇಳಿ ನೆಂಟರ ಊರಿಗೆ ಹೋಗಿಬಿಡುತ್ತಿದ್ದೆ. ಈ ಸಲ ಮಂಡಿ ನೋವು, ಎಲ್ಲಿಗೂ ಹೋಗಲಾಗಲಿಲ್ಲ. ಬೆಳಿಗ್ಗೆ ಜಗಲಿಯಲ್ಲಿ ಕೂತಿದ್ದಾಗ ಮಂಟಪದ ಕಡೆಯಿಂದ ಆ ವಾಸನೆ ಬಂತು. ಅದರ ಹಿಂದೆಯೇ ಭಾವ ನೆನಪಿಗೆ ಬಂದರು...

ಭಾವ ಎಂದರೆ ನನ್ನ ಅಕ್ಕನ ಗಂಡ. ಚಿತ್ರ ಬರೆಯುವವರು. ಆಗ ಮಹಾರಾಜರ ಕಾಲ. ನಾನು ಹೈಸ್ಕೂಲು ಮುಗಿಸಿ, ಕೆಲಸ ಸಿಗದೆ, ಇದೇ ಊರಿನ ಅವರ ಮನೆಯಲ್ಲಿ ಉಂಡುಕೊಂಡಿದ್ದೆ. ಮಾಗಡಿ ಸೀಮೆಯ ಗುಡಿ ಗೋಡೆಗಳಿಗೂ ಮನೆಗಳ ದೇವರ ಪಟಗಳಿಗೂ ಅವರದೇ ಕೈ. ಮೊದಲೆಲ್ಲ ಅವರ ದೇವರುಗಳು ತಾವರೆಯ ಮೇಲೆ ನಿಲ್ಲುತ್ತಿದ್ದವು, ಹಿಂದೆ ಬರೀ ಕೆಂಪು. ಚಂದವೇ. ಆದರೆ ಎಲ್ಲರೂ ಹಾಗೆಯೇ ಬರೆಯುತ್ತಿದ್ದರು.

ಒಂದು ಬೇಸಿಗೆ ಬೆಂಗಳೂರಿನಲ್ಲಿ ಬಿಳಿಯರ ಸೈನ್ಯ ಇದ್ದ ದಂಡಿನಿಂದ ಅವರಿಗೆ ಕರೆ ಬಂತು. ಬಿಳಿಯ ದೊರೆಗಳೂ ನಮ್ಮವರೇ ಆದ ಕೆಲವು ವಕೀಲರೂ ಸೇರುವ ಒಂದು ಗುಟ್ಟಿನ ಸಂಘ ಅಲ್ಲಿತ್ತು. ಸೇರಿದವರು ಒಬ್ಬರನ್ನೊಬ್ಬರು ಅಣ್ಣತಮ್ಮ ಎನ್ನುತ್ತಿದ್ದರಂತೆ, ಒಳಗಿನದನ್ನು ಹೊರಗೆ ಆಡುವುದಿಲ್ಲ ಎಂದು ಆಣೆ ಇಡುತ್ತಿದ್ದರಂತೆ. ಕಿಟಕಿ ತೆರೆಯದ ಆ ಮನೆಗೆ ಜನ ‘ತಲೆ ತೆಗೆಯೋ ಬಂಗಲೆ’ ಎಂದು ಹೆಸರಿಟ್ಟಿದ್ದರು. ಅವರ ಕೂಟದಲ್ಲಿ ಇಡುವ ಒಂದು ಚಿತ್ರದ ಹಲಗೆಗೆ ಗೆದ್ದಲು ಹತ್ತಿತ್ತು. ಅದನ್ನು ನೋಡಿಕೊಂಡು ಹೊಸದನ್ನು ಬರೆದುಕೊಡಬೇಕಿತ್ತು.

ಭಾವ ಹಿಂತಿರುಗಿದ ದಿನ ನಾನು ಹಿತ್ತಿಲಲ್ಲಿ ಅವರನ್ನು ಹಿಡಿದುಕೊಂಡೆ.

“ಭಾವ, ಅಲ್ಲಿ ನಿಜವಾಗ್ಲೂ ತಲೆ ಕಡೀತಾರಾ?”

“ಕಡಿದಿದ್ರೆ ನಿಮ್ಮಕ್ಕ ಇವತ್ತು ಯಾರಿಗ್ಲಾ ಮುದ್ದೆ ಇಕ್ಕೋಳು?” ಎಂದು ನಕ್ಕರು. ಆಮೇಲೆ ಕಡ್ಡಿ ಹಿಡಿದು ಮಣ್ಣಿನ ಮೇಲೆ ಗೆರೆ ಎಳೆಯತೊಡಗಿದರು. ಆ ಕಡೆ ಈ ಕಡೆ ಎರಡು ಕಂಬ, ಮೇಲೆ ಸೂರ್ಯ, ಚಂದ್ರ. ಕೆಳಗೆ ಕರಿದು ಬಿಳಿದು ಚೌಕದ ಮನೆಗಳ ನೆಲ, ದೂರ ಹೋದಂತೆ ಚಿಕ್ಕದಾಗುತ್ತಾ... “ನೋಡ್ಲಾ, ನೆಲ ಹೆಂಗೆ ಒಳಕ್ಕೆ ಓಡ್ತದೆ! ಒಬ್ಬ ಮುದುಕ ದೊರೆ ನಂಗೆ ಇದ್ರ ಅರ್ಥ ಹೇಳ್ದ. ಕರಿ ಮನೆ ದುಃಖ, ಬಿಳಿ ಮನೆ ಸುಖ. ಮನುಷ್ಯ ಅನ್ನೋನು ಎರಡ್ರ ಮ್ಯಾಲೂ ಕಾಲಿಟ್ಕೊಂಡೇ ನಡೀಬೇಕು ಅಂತ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟು ಬಂದಿವ್ನಿ ಕಣ್ಲಾ. ತಡೀನಾರ್ದೆ ನಿಂಗೆ ಹೇಳ್ಬುಟ್ಟೆ. ನಿನ್ನಲ್ಲೇ ಇರ್ಲಿ.”

ಅಲ್ಲಿಂದ ಅವರ ಚಿತ್ರವೇ ಬದಲಾಯಿತು. ತೊಟ್ಟಿಲ ಕೃಷ್ಣನಿಗೂ ವೀಣೆಯ ಸರಸ್ವತಿಗೂ ಆ ನೆಲ ಬಂತು, ಅಕ್ಕಪಕ್ಕ ಆ ಕಂಬಗಳು ಬಂದವು. ಮಾಗಡಿಯ ಬೇರೆ ಚಿತ್ರಗಾರರೂ ನೋಡಿ ನೋಡಿ ಹಾಗೆಯೇ ಬರೆಯತೊಡಗಿದರು. ಎಲ್ಲಿಂದ ಬಂದದ್ದೆಂದು ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಗುಡಿಯ ಮಂಟಪದ ಗೋಡೆಗೆ ಗಿರಿಜಾ ಕಲ್ಯಾಣ ಬರೆಯುವ ಕೆಲಸ ಭಾವನಿಗೆ ಬಂದಾಗ ಅವರು ಊಟ ನಿದ್ದೆ ಮರೆತರು. ಕರಿ ಬಣ್ಣಕ್ಕೆಂದು ಅಕ್ಕ ಹರಳೆಣ್ಣೆ ದೀಪದ ಮೇಲೆ ಮಡಕೆ ಬೋರಲು ಹಾಕಿ ಕಾಡಿಗೆ ಕೂಡಿಸಿಕೊಟ್ಟಳು. ಚಿತ್ರ ಮುಗಿದಾಗ ಗೋಡೆಯೇ ಇಲ್ಲವೇನೋ, ಒಳಗೆ ಕಾಲಿಟ್ಟರೆ ಮದುವೆ ಚಪ್ಪರಕ್ಕೇ ಹೋಗಬಹುದೇನೋ ಎನಿಸುತ್ತಿತ್ತು. “ಪಾರ್ವತಮ್ಮ ಮದ್ವೆ ಮಾಡ್ಕೊಳಾಕೆ ಬಂದವ್ಳೋ, ಚೌಕಾಬಾರ ಆಡಾಕೆ ಬಂದವ್ಳೋ!” ಎಂದು ಹೆಂಗಸರು ನಗುತ್ತಿದ್ದರು. ಭಾವನೂ ನಗುತ್ತಿದ್ದರು.

ಒಂದು ಸಂಜೆ ಶೆಟ್ಟರ ಅಂಗಡಿ ಜಗಲಿಯಲ್ಲಿ ಯಾರೋ ನನ್ನನ್ನು ಕೆಣಕಿದರು: “ಏನ್ಲಾ ಹೈಸ್ಕೂಲು, ಭಾವನ ಮುದ್ದೆ ಹೆಂಗೈತೆ?” ಎಲ್ಲರೂ ನಕ್ಕರು. ಇನ್ನೊಬ್ಬ ಕೇಳಿದ, “ಅದಿರ್ಲಿ, ನಿಮ್ಮ ಭಾವ ಆ ಮನೆಗಳ್ನ ಎಲ್ಲಿಂದ ತಂದ?”

“ತಲೆ ತೆಗೆಯೋ ಬಂಗಲೆಯಿಂದ” ಎಂದೆ.

ನಗು ನಿಂತಿತು. ಶೆಟ್ಟರೂ ತಕ್ಕಡಿ ಕೆಳಗಿಟ್ಟರು. ಊರಿನಲ್ಲಿ ನನ್ನ ಮಾತಿಗೆ ಜನ ಹಾಗೆ ಕಿವಿಗೊಟ್ಟದ್ದು ಅದೇ ಮೊದಲು. ಅದರ ರುಚಿ ಕೆಟ್ಟದ್ದು. ನಿಲ್ಲಿಸಲಾಗಲಿಲ್ಲ. “ಆ ಕರಿ ಬಣ್ಣ ಬರೀ ಬಣ್ಣ ಅಂದ್ಕೊಂಡ್ರಾ? ಅದಕ್ಕೆ ರಕ್ತ ಬೆರೆಸಿ ಕೊಡ್ತಾರೆ” ಎಂದುಬಿಟ್ಟೆ.

ಅದು ನನ್ನ ಅಕ್ಕ ಕೂಡಿಸಿದ ಕಾಡಿಗೆ ಎಂದು ನನಗೆ ಗೊತ್ತಿತ್ತು.

ಜಗಲಿಯವರು ತಾವೇ ಕಂಡವರಂತೆ ಹೇಳುತ್ತಾ ಹೋದದ್ದರಿಂದ ಮಾತು ಊರೆಲ್ಲ ಹರಡಿತು, ನನ್ನ ಹೆಸರು ಮಾತ್ರ ಉದುರಿಹೋಯಿತು. ಅಷ್ಟರಲ್ಲಿ ಊರ ಮಕ್ಕಳಿಗೆ ಜ್ವರ ಬಂತು. ಬೇರೆ ಕಾಲದಲ್ಲಾಗಿದ್ದರೆ ಸುಮ್ಮನೆ ಜ್ವರ. ಈಗ ಎಲ್ಲರೂ ಮಂಟಪದ ಗೋಡೆಯ ಕಡೆ ನೋಡಿದರು. ಗುಡಿಯ ಯಜಮಾನರು ಊರವರನ್ನು ಸೇರಿಸಿ ಭಾವನನ್ನು ಕರೆಸಿದರು.

“ಈ ಕರಿ ಮನೆ ಬಿಳಿ ಮನೆ ಅಂದ್ರೆ ಏನಯ್ಯಾ?”

“ಕೆಟ್ಟದ್ದಲ್ಲ ಯಜಮಾನ್ರೆ. ಅದ್ರ ಮ್ಯಾಲೆ ಹೇಳಂಗಿಲ್ಲ. ಮಾತು ಕೊಟ್ಟಿವ್ನಿ.”

“ಕೆಟ್ಟದ್ದಲ್ದಿದ್ರೆ ಹೇಳಾಕೇನು ದಾಡಿ?”

ಭಾವ ಒಂದೇ ಒಂದು ಸಲ ನನ್ನ ಕಡೆ ನೋಡಿದರು. ಅವರ ಬಾಯಿಗೆ ಆಣೆಯಿತ್ತು. ನನ್ನ ಬಾಯಿಗೆ ಏನಿತ್ತು? ಸುಖ, ದುಃಖ, ಅಷ್ಟೇ ಸ್ವಾಮಿ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅದನ್ನು ಹೇಳಿದರೆ ರಕ್ತದ ಮಾತು ಸುಳ್ಳೆಂದಾಗುತ್ತಿತ್ತು, ಆ ಸುಳ್ಳು ಹೇಳಿದವನು ಯಾರೆಂದು ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. ನಾನು ಮೆಟ್ಟಿಲ ಕೆಳಗೆ ಬಿಟ್ಟಿದ್ದ ಮೆಟ್ಟುಗಳನ್ನೇ ನೋಡುತ್ತಾ ನಿಂತೆ.

ಬರೆದ ಮನೆಯವರೇ ಅಳಿಸಲಿ ಎಂದರು ಯಜಮಾನರು. ಭಾವ ಕುಂಚ ಎತ್ತಿಕೊಂಡರು, ಕೈ ಏಳಲಿಲ್ಲ. ನಾನು ತೆಗೆದುಕೊಂಡೆ. ಸುಣ್ಣ ಇನ್ನೂ ಬಿಸಿಯಾಗಿತ್ತು. ಎಷ್ಟು ಬಳಿದರೂ ಪಾರ್ವತಿಯ ಕಣ್ಣು ಸುಣ್ಣದ ಹಿಂದಿನಿಂದ ಕಾಣುತ್ತಲೇ ಇತ್ತು... ನನ್ನ ಹಿಂದೆ ಭಾವ ನಿಂತಿದ್ದರು. ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

ಆ ರಾತ್ರಿ ಅಕ್ಕ ಊಟಕ್ಕೆ ಬಡಿಸುತ್ತಾ ಕೇಳಿದಳು: “ಬಂಗಲೆ ವಿಷ್ಯ ಊರಿಗೆ ಯಾರ್ಲಾ ಹೇಳಿದ್ದು? ನಿಂಗೇನಾರ ಗೊತ್ತಾ?”

“ನಂಗೇನು ಗೊತ್ತಕ್ಕ?”

ಭಾವನ ಕೈ ತಟ್ಟೆಯಲ್ಲಿ ನಿಂತಿತು. ಅವರು ಹೇಳಿದ್ದು ನನ್ನೊಬ್ಬನಿಗೇ. “ದಂಡಿಂದ ಬಂದೋರು ಯಾರೋ ಹೇಳಿರ್ಬೇಕು. ಬುಡು ಅತ್ಲಾಗೆ. ಅವ್ನಿಗೆ ಒಸಿ ಸಾರು ಹಾಕು” ಎಂದರು.

ಆ ದೊರೆಗಳ ಗುಟ್ಟನ್ನು ಹೇಗೆ ಕಾಪಾಡಿದರೋ ನನ್ನದನ್ನೂ ಹಾಗೆಯೇ ಕಾಪಾಡಿದರು, ಕೊನೆಯವರೆಗೆ.

ಮುಂದೆ ಅವರಿಬ್ಬರೂ ಚನ್ನಪಟ್ಟಣಕ್ಕೆ ಹೋದರು. ಭಾವ ಒಬ್ಬ ಸಾಬರ ಆಟಿಕೆ ಅಂಗಳದಲ್ಲಿ ಬೊಂಬೆಗಳಿಗೆ ಬಣ್ಣ ಕೊಡುತ್ತಿದ್ದರು. ನಾನು ಒಮ್ಮೆ ತಪ್ಪೊಪ್ಪಿಕೊಳ್ಳಲೆಂದೇ ಹೋದೆ. ಅವರ ಮುಂದೆ ಕೆಂಪು, ಹಳದಿ, ಹಸಿರು ಅರಗಿನ ಕಡ್ಡಿಗಳಿದ್ದವು. ಕರಿದು ಇರಲಿಲ್ಲ. “ಬಾ ಬಾ, ಊಟ ಆಯ್ತೇನ್ಲಾ?” ಎಂದರು. ಆಯಿತು ಎಂದೆ. ಅದೂ ಸುಳ್ಳು. ಬಸ್ಸಿನ ಹೊತ್ತಾಯಿತೆಂದು ಎದ್ದು ಬಂದೆ. ಮತ್ತೊಮ್ಮೆ ಹೋದದ್ದು ಅವರು ತೀರಿಹೋದ ಸುದ್ದಿ ಬಂದಾಗ. ಅಕ್ಕನೂ ಏನೂ ತಿಳಿಯದೆಯೇ ಹೋದಳು.

ಇವತ್ತು ಕೋಲೂರಿಕೊಂಡು ಗುಡಿಗೆ ಹೋದೆ. ಸುಣ್ಣ ಬಳಿಯುವವನು ಗೋಡೆ ಕೆರೆಯುತ್ತಿದ್ದ. ಎಷ್ಟೋ ವರ್ಷಗಳ ಸುಣ್ಣ ಚಕ್ಕೆ ಎದ್ದು ಅಂಗೈಯಗಲ ಉದುರಿತ್ತು. ಅಲ್ಲಿ ಒಂದು ಕರಿ ಮನೆ, ಪಕ್ಕದಲ್ಲಿ ಅರ್ಧ ಬಿಳಿ ಮನೆ. ಅಕ್ಕನ ಕಾಡಿಗೆ ಒಂದಿಷ್ಟೂ ಮಾಸಿರಲಿಲ್ಲ.

“ಏನ್ ತಾತ ಇದು, ಚೌಕ ಚೌಕ?” ಎಂದ.

“ಕರಿದು ದುಃಖ ಕಣಪ್ಪ. ಬಿಳಿದು ಸುಖ. ಎರಡ್ರ ಮ್ಯಾಲೂ ನಡೀಬೇಕು ಅಂತ.”

“ಅಷ್ಟೇನಾ?”

“ಅಷ್ಟೇ.”

ಅವನು ಕುಂಚ ಅದ್ದಿದ. ನಾನು ಕೋಲು ಅಡ್ಡ ಹಿಡಿದೆ. “ಅದೊಂದು ಜಾಗ ಬುಟ್ಬುಡಪ್ಪ.”

“ಬೈತಾರೆ ತಾತ. ಯಾರು ಬುಡು ಅಂದ್ರು ಅಂತ ಕೇಳ್ತಾರೆ.”

“ನನ್ನ ಹೆಸ್ರು ಹೇಳು” ಎಂದೆ. ಆ ಹೆಸರನ್ನು ಕೇಳಬೇಕಾಗಿದ್ದ ಅಕ್ಕ, ಭಾವ ಇಬ್ಬರೂ ಈಗ ಇಲ್ಲ...