ಪ್ಲಾಸ್ಟರ್ ಕೋಣೆಯ ಖಾಸಿಂಸಾಬರು

ಪ್ಲಾಸ್ಟರ್ ಹಾಕುವ ಖಾಸಿಂಸಾಬರು ಮಕ್ಕಳ ಮುಖ ನೋಡುವ ಮೊದಲು ಅವರ ಚಪ್ಪಲಿ ನೋಡುತ್ತಿದ್ದರು. ಕೊಪ್ಪಳದ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯ ಬಾಗಿಲಲ್ಲಿ ನನ್ನ ಮಗಳ ಚಪ್ಪಲಿ ಎತ್ತಿ ತಿರುಗಿಸಿ, "ಮುಂದಷ್ಟ ಸವದಾವ, ಹಿಂದ ಹೊಸಾವ ಇದ್ದಂಗ ಅದಾವ. ತುದಿಗಾಲ ಮ್ಯಾಲ ನಡೀತಾಳಲ್ರಿ ಅಕ್ಕಾರ?" ಎಂದರು.

ಸವಿತಾಗೆ ಆಗ ಐದು ವರ್ಷ. ಹುಟ್ಟುವಾಗ ಮೆದುಳಿಗೆ ಪೆಟ್ಟಾಗಿ ಕಾಲುಗಳು ಬಿಗಿದುಕೊಂಡಿದ್ದವು. ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಗೋಡೆ ಬಿಟ್ಟರೆ ನಾಲ್ಕು ಹೆಜ್ಜೆಗೆ ಬೀಳುತ್ತಿದ್ದಳು. ವಾರವಾರ ಪ್ಲಾಸ್ಟರ್ ಬದಲಿಸುತ್ತ ಪಾದವನ್ನು ಸ್ವಲ್ಪಸ್ವಲ್ಪವೇ ಸರಿಗೆ ತರೋಣ ಎಂದಿದ್ದರು ಡಾಕ್ಟರು. ಕುಕನೂರಿನಿಂದ ಬಸ್ಸಿನಲ್ಲಿ ಅವಳನ್ನು ಎತ್ತಿಕೊಂಡು ಹೋಗುತ್ತಿದ್ದೆ.

ಖಾಸಿಂಸಾಬರು ಅವಳ ಮೊಣಕಾಲು ಮಡಚಿ, ಪಾದವನ್ನು ಅಂಗೈಯಲ್ಲಿ ಹಿಡಿದು ಸುಮ್ಮನೆ ಕೂರುತ್ತಿದ್ದರು. "ಜಬರದಸ್ತಿ ಮಾಡಿದ್ರ ಇನ್ನಷ್ಟು ಬಿಗೀತೈತಿ. ತಡೀರಿ, ಬಿಡ್ತೈತಿ." ಹೊರಗೆ ಸಾಲು ಬೆಳೆದು ಜನ ಗೊಣಗಿದರೂ ಆ ಕೈ ಅಲ್ಲಾಡುತ್ತಿರಲಿಲ್ಲ.

"ಇಕಿ ಎಲ್ಲಾರಂಗ ಓಡ್ತಾಳೇನ್ರಿ?" ಎಂದು ಒಮ್ಮೆ ಕೇಳಿದೆ.

"ಸುಳ್ಳು ಹೇಳಂಗಿಲ್ರಿ. ಬ್ಯಾನಿ ಇರೋದು ತಲಿಯೊಳಗ, ನಾ ಹಿಡಿಯೋದು ಕಾಲು. ಪಾದ ಪೂರಾ ಊರಿದ್ರ ಬೀಳೋದು ಕಡಿಮಿ ಆಕ್ಕೈತಿ. ಅಷ್ಟು ನೋಡೂಣ್ರಿ."

ಊರು ಬರುವವರೆಗೂ ಬಸ್ಸಿನಲ್ಲಿ ನನ್ನ ಕಣ್ಣೀರು ನಿಲ್ಲಲಿಲ್ಲ.

ಮೂರನೆಯ ಪ್ಲಾಸ್ಟರ್ ಹಾಕಿದ ಮೇಲೆ ಸವಿತಾ ಎರಡು ದಿನ ಒಂದೇ ಸಮನೆ ಅತ್ತಳು. ತಡೆಯಲಾರದೆ ಅದನ್ನು ನೀರಲ್ಲಿ ನೆನೆಸಿ, ಕತ್ತರಿಯಿಂದ ಸೀಳಿ ಬಿಚ್ಚಿಬಿಟ್ಟೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋದೆ. ಹಿಮ್ಮಡಿಯ ಮೇಲಿದ್ದ ಕೆಂಪು ಹುಣ್ಣನ್ನು ನೋಡಿ ಖಾಸಿಂಸಾಬರು ಕೈಯಲ್ಲಿದ್ದ ಪಟ್ಟಿ ಕೆಳಗಿಟ್ಟರು.

"ತಪ್ಪು ನಂದರಿ. ಒಳಗ ಹತ್ತಿ ತೆಳ್ಳಗ ಸುತ್ತಿದ್ದೆ. ಇನ್ಮ್ಯಾಲ ಹಿಂಗ ಅತ್ರ ಮನ್ಯಾಗ ಕುಂದರಬ್ಯಾಡ್ರಿ, ಅವತ್ತ ಬಂದುಬಿಡ್ರಿ." ಆಮೇಲೆ ಸವಿತಾಳ ಕಡೆ ತಿರುಗಿ, "ಮಾಫ್ ಮಾಡವ್ವಾ," ಎಂದರು. ಐದು ವರ್ಷದ ಹುಡುಗಿಯ ಕ್ಷಮೆ ಕೇಳಿದ ದೊಡ್ಡವರನ್ನು ನಾನು ಅದೇ ಮೊದಲು ಕಂಡದ್ದು.

ಹುಣ್ಣು ಮಾಯ್ದ ಮೇಲೆ ಮತ್ತೆ ಶುರುಮಾಡಿದರು. ಆ ಸಲ ಹಿಮ್ಮಡಿ ಇಳಿಯಿತು. ಸವಿತಾ ಕಾಲಿಗೆ ಆಸರೆಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದಳು.

ಹತ್ತು ತುಂಬುವಾಗ ಅವಳು ಒಮ್ಮೆಲೇ ಎತ್ತರವಾದಳು. ಹಿಮ್ಮಡಿ ಮತ್ತೆ ಮೇಲೆದ್ದಿತು. ಈ ಸಲ ಆಪರೇಷನ್ ಆಗಬೇಕೆಂದರು ಡಾಕ್ಟರು. ನಿವೃತ್ತರಾಗಿ ಗಂಗಾವತಿಗೆ ಹೋಗಿದ್ದ ಖಾಸಿಂಸಾಬರಿಗೆ ಫೋನು ಮಾಡಿ, "ಮಾಡಿದ್ದೆಲ್ಲಾ ನೀರಾಗ ಹೋತ್ರಿ," ಎಂದೆ.

"ಇಷ್ಟು ವರ್ಷ ನಡಕೋಂತ ಸಾಲಿಗೆ ಹೋಗ್ಯಾಳಲ್ರಿ, ಅದೇನು ಸುಳ್ಳೇನು?"

ಆಪರೇಷನ್ ದಿನ ತಾವಾಗಿಯೇ ಬಂದು ನನ್ನ ಜೊತೆ ಬೆಂಚಿನ ಮೇಲೆ ಕೂತರು. ಅವಳನ್ನು ಹೊರತಂದಾಗ ಹೆಬ್ಬೆರಳ ಉಗುರು ಒತ್ತಿ ಬಿಟ್ಟು, ಬಣ್ಣ ಮರಳುವುದನ್ನು ನೋಡಿ, "ರಕ್ತ ಛಲೋ ಆಡಾಕತ್ತೈತಿ," ಎಂದು ಬಸ್ಸಿಗೆ ಹೊರಟರು. ಅವರನ್ನು ಕಂಡದ್ದು ಅದೇ ಕೊನೆ.

ಪ್ಲಾಸ್ಟರ್ ಬಿಚ್ಚಿ ಹೆಜ್ಜೆ ಕುದುರಿದ ಮೇಲೆ, ಅವರಿಗೆ ತೋರಿಸಬೇಕೆಂದು ಸವಿತಾ ಹಟ ಹಿಡಿದಳು. ಫೋನು ಮಾಡಿದರೆ, ಅವರು ತೀರಿಕೊಂಡು ತಿಂಗಳಾಗಿತ್ತು. ಆದರೂ ಗಂಗಾವತಿಯ ಅವರ ಮನೆಗೆ ಹೋದೆವು. ಅವರ ಹೆಂಡತಿ ಒಳಗಿನಿಂದ ಕುರ್ಚಿ ತಂದಿಟ್ಟು, "ಕುಂದರವ್ವಾ, ಕಾಲು ನೋಯ್ತಾವ," ಎಂದರು.

"ಬ್ಯಾಡ್ರಿ ಅಮ್ಮಾ," ಎಂದಳು ಸವಿತಾ, ಎರಡೂ ಹಿಮ್ಮಡಿ ನೆಲಕ್ಕೆ ಊರಿ. "ಸ್ವಲ್ಪ ಹೊತ್ತು ನಿಂತಿರ್ತೀನಿ."