ಹನುಮಕ್ಕನ ರೆಪ್ಪೆ

ಹಿಂದೂಪುರದ ಆಸ್ಪತ್ರೆಯಲ್ಲಿ ಎಷ್ಟೋ ಜನರ ಹರಿದ ರೆಪ್ಪೆ ಸರಿ ಮಾಡಿದ್ದೇನೆ. ಸರಿ ಮಾಡಿದ್ದಕ್ಕೇ ಬೈದವರು ಕಲ್ಯಾಣದುರ್ಗದ ಕಡೆಯ ಹನುಮಕ್ಕಜ್ಜಿ ಒಬ್ಬರೇ.

ಎಮ್ಮೆ ಕೊಂಬು ತಗುಲಿ ಅವರ ಬಲಗಣ್ಣಿನ ಮೇಲಿನ ರೆಪ್ಪೆ ಹರಿದಿತ್ತು. ಗಾಯ ಮಾಗುವಾಗ ರೆಪ್ಪೆ ಮುದುರಿಕೊಂಡು, ನಿದ್ದೆಯಲ್ಲೂ ಆ ಕಣ್ಣು ತೆರೆದೇ ಇರುತ್ತಿತ್ತು. ಹಾಗೇ ಬಿಟ್ಟಿದ್ದರೆ ಒಣಗಿ ದೃಷ್ಟಿಯೇ ಹೋಗುತ್ತಿತ್ತು. ಕಿವಿಯ ಹಿಂದಿನ ಚರ್ಮ ತೆಗೆದು ರೆಪ್ಪೆಗೆ ಕೂಡಿಸಿದೆ. ಕಣ್ಣು ಮುಚ್ಚತೊಡಗಿತು.

ಎರಡು ತಿಂಗಳಾದ ಮೇಲೆ ಬಂದವರೇ ಜಗಳಕ್ಕೆ ನಿಂತರು. “ಅಂಗಳದಾಗೆ ಕಡ್ಲೆಕಾಯಿ ಒಣಗಾಕಿ ಕಾಯ್ತಾ ಕುಂತಿರ್ತೀನಿ. ಮೊದ್ಲು ತೂಕಡಿಸಿದ್ರೂ ಮುದುಕಿ ನೋಡ್ತಾವ್ಳೆ ಅಂತ ಯಾರೂ ಹತ್ರ ಬತ್ತಿರ್ಲಿಲ್ಲ. ಈಗ ಬೀದಿಯೋರೆಲ್ಲ ಹಿಡಿಹಿಡಿ ಬಾಚ್ಕೊಂಡು ಹೋಯ್ತಾರೆ ಕಣಪ್ಪ!”

ನಗು ತಡೆದುಕೊಂಡು, “ಕಪ್ಪು ಕನ್ನಡಕ ಹಾಕ್ಕೊಂಡು ಕೂತ್ಕೊಳ್ಳಿ ಅಜ್ಜಿ, ನಿದ್ದೆ ಮಾಡ್ತಿದ್ದೀರಿ ಅಂತ ಯಾರಿಗೂ ಗೊತ್ತಾಗಲ್ಲ” ಅಂದೆ.

ಮುಂದಿನ ಸಲ ಕಪ್ಪು ಕನ್ನಡಕದಲ್ಲೇ ಬಂದು ಎದುರಿಗೆ ಕೂತರು, ಮಡಿಲಲ್ಲಿ ಕಡಲೆಕಾಯಿ ಚೀಲ. ನಾನು ಔಷಧಿ, ಆರೈಕೆ ಎಲ್ಲ ಹತ್ತು ನಿಮಿಷ ವಿವರಿಸಿದೆ. ಇಷ್ಟು ಗಮನವಿಟ್ಟು ಕೇಳುವ ರೋಗಿ ನನಗೆ ಸಿಕ್ಕಿರಲಿಲ್ಲ. ಕೊನೆಗೆ ಕನ್ನಡಕ ತೆಗೆದು ನೋಡಿದೆ. ಎರಡೂ ರೆಪ್ಪೆ ಒಂದಿಷ್ಟೂ ಸಂದಿಲ್ಲದೆ ಮುಚ್ಚಿದ್ದವು. ಸಣ್ಣಗೆ ಗೊರಕೆ ಬೇರೆ.

ನಾನೂ ಒಂದು ಹಿಡಿ ಬಾಚಿಕೊಂಡೆ.