ಕೊನೆಯ ಕಂತಿನಲ್ಲಿ ಕಾಮಾಕ್ಷಿಯ ದನಿ

ಡಬ್ಬಿಂಗ್ ಮಾಡುವವರು ಕಥೆ ಬರೆಯುವುದಿಲ್ಲ. ಇದು ನಿಮಗೆ ಗೊತ್ತು. ಗೊತ್ತಿದ್ದೂ ಕಾಮಾಕ್ಷಿಯನ್ನು ಕೊಲೆಗಾತಿ ಎಂದು ಕರೆದಿರಿ.

ಯಾವ ಕಾಮಾಕ್ಷಿ ಎಂದು ಹುಬ್ಬೇರಿಸಬೇಡಿ. ‘ಆಚೆಯ ಕಕ್ಷೆ’ ಧಾರಾವಾಹಿಯನ್ನು ನೋಡಿದ್ದೀರಲ್ಲ? ಬಾಹ್ಯಾಕಾಶದಲ್ಲಿ ದಾರಿ ತಪ್ಪಿದ ನೌಕೆ, ಅದರ ನಾಯಕಿ, ಅವಳ ಪುಟ್ಟ ಮಗಳು. ಈ ಸೀಸನ್ನಿನ ಕೊನೆಯ ಕಂತಿನಲ್ಲಿ ಗಾಳಿ ಸೋರುವ ಕೋಣೆಯೊಳಗೆ ಮಗು ಸಿಕ್ಕಿಕೊಳ್ಳುತ್ತದೆ. ಉಳಿದವರು ಬದುಕಬೇಕಾದರೆ ಆ ಕೋಣೆಯ ಬಾಗಿಲು ಹಾಕಲೇಬೇಕು. ತಾಯಿಯೇ ಹಾಕುತ್ತಾಳೆ. ಹಾಕುವ ಮುಂಚೆ ಗಾಜಿನಾಚೆ ನಿಂತ ಮಗುವಿಗೆ, “ಕಣ್ಣು ಮುಚ್ಕೋ ಕಂದಾ, ಈಗ ಬಂದ್‌ಬಿಡ್ತೀನಿ” ಎನ್ನುತ್ತಾಳೆ. ಮೂಲ ಭಾಷೆಯಲ್ಲಿ ಆ ನಟಿಯ ದನಿ ಒಡೆದು ಹೋಗುತ್ತದೆ. ಕನ್ನಡದಲ್ಲಿ ಒಡೆಯುವುದಿಲ್ಲ. ಮಗುವನ್ನು ಮಲಗಿಸುವ ಹಾಗೆ, ನೆಮ್ಮದಿಯಿಂದ, ಮೆತ್ತಗೆ ಬರುತ್ತದೆ. ಆ ಕನ್ನಡದ ದನಿ ಕಾಮಾಕ್ಷಿಯವರದು.

ಊರು ನಂಜನಗೂಡು. ಗಂಡ ವಿಶ್ವೇಶ್ವರ ಬ್ಯಾಂಕಿನಲ್ಲಿದ್ದಾರೆ. ಅವರ ವರ್ಗಾವಣೆಯ ಹಿಂದೆ ಕೊಚ್ಚಿಗೆ ಬಂದು ಕಲೂರಿನ ಒಂದು ಫ್ಲ್ಯಾಟಿನಲ್ಲಿ ನೆಲೆ ನಿಂತವರು. ಒಬ್ಬಳೇ ಮಗಳು ನಂದಿತಾ. ಬೆಳೆದದ್ದೆಲ್ಲ ಇಲ್ಲೇ; ಅಮ್ಮ ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುವ ಹುಡುಗಿ. ಅವಳು ತಿರುವನಂತಪುರದ ಶ್ರೀಕಾರ್ಯಂನಲ್ಲಿ ಇಂಜಿನಿಯರಿಂಗ್ ಓದಲು ಹಾಸ್ಟೆಲಿಗೆ ಹೋದ ಮೇಲೆ ಕಾಮಾಕ್ಷಿಯವರಿಗೆ ಮನೆಯಲ್ಲಿ ಮಾತೇ ಕಡಿಮೆಯಾಯಿತು. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಅವರ ನಿರೂಪಣೆ ಕೇಳಿದ ಜಾಯ್ಸ್ ಎಂಬ ಮಂಗಳೂರಿನ ಹೆಣ್ಣುಮಗಳು, “ಅಕ್ಕ, ನಿಮ್ಮ ದನಿ ನಂಗೆ ಬೇಕಿತ್ತು” ಎಂದು ಪಾಲಾರಿವಟ್ಟಂಗೆ ಕರೆದಳು. ಅಲ್ಲೊಂದು ಅಂಗಡಿ ಸಾಲಿನ ಮೇಲಿನ ಮಹಡಿಯ ಸ್ಟುಡಿಯೋದಲ್ಲಿ ಜಾಯ್ಸ್ ಕನ್ನಡ ಡಬ್ಬಿಂಗ್ ನೋಡಿಕೊಳ್ಳುತ್ತಿದ್ದಳು. ಕೊಚ್ಚಿಯಲ್ಲಿ ಕನ್ನಡದ ದನಿ ಬೇಕೆಂದರೆ ಎಲ್ಲಿಂದ ತರುವುದು? ಬ್ಯಾಂಕಿನವರು, ಬ್ಯಾಂಕಿನವರ ಮನೆಯವರು, ಕಾಸರಗೋಡಿನಿಂದ ಓದಲು ಬಂದ ಮಕ್ಕಳು. ನಿಮ್ಮ ನೌಕೆಯ ತುಂಬ ಹಾರಾಡಿದವರು ಇವರೇ.

ಈಗ ನಿಮಗೆ ಗೊತ್ತಿಲ್ಲದ ಒಂದು ಮಾತು. ಕೊನೆಯ ಕಂತಿನ ಗುಟ್ಟು ಹೊರಬೀಳಬಾರದೆಂದು ಧಾರಾವಾಹಿಯ ಕಂಪನಿಯವರು ದೃಶ್ಯವನ್ನು ಕಪ್ಪು ಮಾಡಿ ಕಳಿಸಿದ್ದರು. ಪರದೆಯಷ್ಟೂ ಕತ್ತಲು, ನಡುವೆ ಒಂದು ಜೊತೆ ತುಟಿ. ಮೂಲ ದನಿಯನ್ನೂ ತೆಗೆದುಹಾಕಿದ್ದರು. ತುಟಿ ಅಲುಗಿದಾಗ ಮಾತಾಡಬೇಕು, ನಿಂತಾಗ ನಿಲ್ಲಿಸಬೇಕು.

“ಯಾರಿಗೆ ಹೇಳ್ತಿದೀನಿ ಜಾಯ್ಸ್?” ಎಂದು ಕಾಮಾಕ್ಷಿ ಮೈಕಿನ ಮುಂದೆ ನಿಂತು ಕೇಳಿದ್ದರು.

“ಮಗುವಿಗೆ ಅಕ್ಕ. ಅಷ್ಟೇ ಬರೆದಿದ್ದಾರೆ.”

“ಮಗು ಅಳ್ತಿದೆಯಾ? ನಗ್ತಿದೆಯಾ? ಏನಾದ್ರೂ ಗೊತ್ತಾದ್ರೆ ತಾನೇ...”

“ಆಚೆ ಕಡೆ ಏನಾಗ್ತಾ ಉಂಟು ಅಂತ ನಂಗೂ ತೋರಿಸುದಿಲ್ಲ ಮಾರಾಯ್ರೆ. ತುಟಿ ನೋಡಿ, ಸ್ವಲ್ಪವೇ ತೆರೆಯುದು. ಮೆಲ್ಲ ಹೇಳಿ.”

ಕಾಮಾಕ್ಷಿ ಏನು ಮಾಡಬೇಕಿತ್ತು? ತನಗೆ ಗೊತ್ತಿದ್ದ ಒಂದೇ ಮಗುವನ್ನು ನೆನೆದರು. ನಂದಿತಾ ಚಿಕ್ಕವಳಿದ್ದಾಗ ಸಂಜೆ ಕರೆಂಟು ಹೋದರೆ ಕಿರುಚಿ ಮನೆ ತುಂಬಿಸುತ್ತಿದ್ದಳು. ಅವಳನ್ನು ಮಂಚದ ಮೇಲೆ ಕೂರಿಸಿ, “ಕಣ್ಣು ಮುಚ್ಕೋ ಕಂದಾ, ಈಗ ಬಂದ್‌ಬಿಡ್ತೀನಿ” ಎಂದು ಹೇಳಿ ಅಡುಗೆಮನೆಗೆ ಹೋಗಿ ಮೇಣದ ಬತ್ತಿ ಹಚ್ಚಿ ತರುತ್ತಿದ್ದರು. ಕಾಗದದಲ್ಲಿದ್ದದ್ದು ಬೇರೆ, ಸಪ್ಪೆ ಮಾತು. ಇದನ್ನೇ ಹೇಳಲಾ ಎಂದು ಕೇಳಿ ಹೇಳಿದರು. ತುಟಿಗೆ ಸರಿಯಾಗಿ ಕೂತಿತು. ಜಾಯ್ಸ್ ಗಾಜಿನಾಚೆಯಿಂದ ಹೆಬ್ಬೆರಳೆತ್ತಿದಳು.

ಆ ದನಿಯಲ್ಲಿ ದುಃಖವಿಲ್ಲ ಎಂದು ನೀವು ಕೂಗಾಡಿದಿರಿ. ಹೇಗಿರುತ್ತದೆ? ಮೇಣದ ಬತ್ತಿ ತರಲು ಹೋದ ತಾಯಿ ಪ್ರತಿ ಸಲವೂ ವಾಪಸು ಬಂದಿದ್ದಳು.

ಕೊನೆಯ ಕಂತು ಬಿಡುಗಡೆಯಾದ ದಿನ ಸಂಜೆ ಕಾಮಾಕ್ಷಿ ಬಾಳೆಕಾಯಿಯ ಉಪ್ಪೇರಿ ಕರಿದು ಎದುರು ಮನೆಯ ಮೇರಿಯವರನ್ನು ಕರೆದಿದ್ದರು. ಮೇರಿಗೆ ಕನ್ನಡ ಬಾರದು. ಗೆಳತಿಯ ದನಿ ಟಿವಿಯಲ್ಲಿ ಬರುತ್ತದೆಂಬ ಸಂಭ್ರಮ ಅಷ್ಟೆ. ಅತ್ತ ಶ್ರೀಕಾರ್ಯಂನ ಹಾಸ್ಟೆಲಿನಲ್ಲಿ ನಂದಿತಾ, “ಎಂಟೆ ಅಮ್ಮಯಾ!” ನಮ್ಮಮ್ಮ ಕಣ್ರೇ ಎಂದು ಗೆಳತಿಯರನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತಿದ್ದಳು. ಪರದೆಯ ಮೇಲೆ ಬಾಗಿಲು ಮುಚ್ಚಿತು. ಗಾಜಿನಾಚೆ ಮಗು ಕಣ್ಣು ಮುಚ್ಚಿಯೇ ನಿಂತಿತ್ತು. ಕಪ್ಪಿಲ್ಲದ ಆ ದೃಶ್ಯವನ್ನು ಕಾಮಾಕ್ಷಿ ಕಂಡದ್ದು ಆಗಲೇ.

ಮೇರಿ ಜಗಿಯುವುದನ್ನು ನಿಲ್ಲಿಸಿದರು. “ಅಯ್ಯೋ ಚೇಚೀ, ಆ ಮಗುವನ್ನು ಸಾಯೋಕೆ ಬಿಟ್ಟಳಾ?” ಎಂದು ಮಲಯಾಳದಲ್ಲಿ ಕೇಳಿದರು.

ಮರುದಿನದಿಂದ ನಿಮ್ಮ ಸರದಿ. “ಈ ಹೆಂಗಸಿಗೆ ಮಕ್ಕಳಿದ್ರೆ ಮೊದಲು ಮನೆ ಬಿಟ್ಟು ಓಡಿ ಅನ್ರಪ್ಪ” ಎಂದೊಬ್ಬ. “ಬ್ಯಾಂಕಿನವರ ಹೆಂಡ್ತಿ ಅಂತೆ. ಊಟದ ಟೈಮು ಅಂತ ಶಟರ್ ಎಳೆದ ಹಾಗೆ ಎಳೆದಿದಾಳೆ” ಎಂದಿನ್ನೊಬ್ಬ. ಇದಕ್ಕೆ ಸಾವಿರ ಜನ ನಗುವಿನ ಮುದ್ರೆ ಒತ್ತಿದಿರಿ. ಗುರುತು ಹಚ್ಚಿದ್ದು ಯಾರೋ ಒಬ್ಬ ಪತ್ತೇದಾರ: ಕೊನೆಯಲ್ಲಿ ಸರಿಯುವ ಹೆಸರುಗಳನ್ನು ನಿಲ್ಲಿಸಿ ಓದಿದ, ರಾಜ್ಯೋತ್ಸವದ ಹಳೆಯ ವಿಡಿಯೋ ಹುಡುಕಿದ, ಅದರಲ್ಲಿ ಅಮ್ಮನ ಪಕ್ಕ ನಿಂತ ನಂದಿತಾಳ ಮುಖಕ್ಕೆ ಸುತ್ತು ಹಾಕಿದ. ಕೆಳಗೆ ಬರೆದ: “ಮುಂದಿನ ಸೀಸನ್ನಿನಲ್ಲಿ ಇವಳು.” ಅಷ್ಟರಲ್ಲಿ ಆ ಒಂದು ಸಾಲಿನ ದನಿ ಕತ್ತರಿಸಿ ಎಲ್ಲರ ಕೈಗೂ ಬಂದಿತ್ತು. ಬೆಕ್ಕನ್ನು ಹೊರಗೆ ಹಾಕುವಾಗ ಅದು, ಫ್ರಿಜ್ಜಿನ ಬಾಗಿಲು ಹಾಕುವಾಗ ಅದು. ಕನ್ನಡ ಬಾರದ ಮಲಯಾಳಿ ಹುಡುಗರೂ ಹಾಕಿಕೊಂಡು ಕುಣಿದರು.

ಕಪ್ಪು ಪರದೆಯ ವಿಷಯ ಹೊರಗೆ ಹೇಳಿಬಿಡೋಣ ಎಂದು ಜಾಯ್ಸ್ ಕಂಪನಿಯನ್ನು ಕೇಳಿದಳು. ಬೇಡವೆಂದರು. ಕೆಲಸ ಹೇಗೆ ನಡೆಯುತ್ತದೆಂದು ಹೊರಗೆ ಹೇಳಕೂಡದಂತೆ. ಬೈಯುವವರೂ ನೋಡುವವರೇ ಅಲ್ಲವೇ, ಬೈಯಲೆಂದೇ ಕೆಲವರು ಮತ್ತೆ ಮತ್ತೆ ನೋಡುತ್ತಿದ್ದಾರೆ, ಇರಲಿ ಬಿಡಿ ಎಂದರಂತೆ. ಇಷ್ಟು ದೊಡ್ಡ ನೌಕೆ ಹಾರಿಸುವವರಿಗೆ ಒಬ್ಬ ಹೆಂಗಸಿನ ಪರವಾಗಿ ನಾಲ್ಕು ಸಾಲು ಬರೆಯಲು ಆಗಲಿಲ್ಲ. ಜಾಯ್ಸ್ ಆ ಕೆಲಸ ಬಿಟ್ಟಳು. “ಬರೀರಿ, ನನ್ನ ಹೆಸರು ಹಾಕಿಯೇ ಬರೀರಿ” ಎಂದು ಇದನ್ನು ಬರೆಯುವ ನನಗೆ ಹೇಳಿದವಳು ಅವಳೇ.

ನಂದಿತಾ ಫೋನ್ ಎತ್ತುವುದನ್ನು ನಿಲ್ಲಿಸಿದಳು. ಕರೆ ಮಾಡಿದರೆ ಕತ್ತರಿಸಿ, “ಮೆಸೇಜ್ ಮಾಡು” ಎಂದು ಬರೆಯುತ್ತಿದ್ದಳು. ಕಾಮಾಕ್ಷಿಗೆ ಜನ ಬೈದದ್ದನ್ನು ತಡೆದುಕೊಳ್ಳಲು ಆಗಿತ್ತು, ಇದನ್ನಲ್ಲ. ಒಂದು ಶನಿವಾರ ಬೆಳಗಿನ ರೈಲು ಹತ್ತಿದರು. ಕಪ್ಪು ಪರದೆಯ ಕಥೆಯನ್ನು ಮಗಳಿಗೆ ಬಾಯಾರೆ ಹೇಳಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದರು.

ಹಾಸ್ಟೆಲಿನ ಗೇಟಿನಲ್ಲಿ ಹುಡುಗಿಯರ ಗುಂಪು. ಅದರ ನಡುವಿನಿಂದ ನಂದಿತಾ ಬಂದಳು, ಮುಖ ಇಳಿದಿತ್ತು. ಕಾಮಾಕ್ಷಿ ಬಾಯಿ ತೆರೆಯುವಷ್ಟರಲ್ಲಿ ತೋಳು ಹಿಡಿದಳು.

“ಅಮ್ಮ, ಪ್ಲೀಸ್. ಇವಿಡೆ ಮಿಂಡಲ್ಲೇ.”

ಇಲ್ಲಿ ಮಾತಾಡಬೇಡ, ಎಂದು. ದನಿ ಕೇಳಿದರೆ ಗುರುತು ಹಿಡಿಯುತ್ತಾರೆ ಎಂದು.

ಇಬ್ಬರೂ ರಸ್ತೆ ದಾಟಿ ಬೇಕರಿಯಲ್ಲಿ ಕೂತರು. ಅಂಗಡಿಯವನು ಏನು ಬೇಕು ಚೇಚಿ ಎಂದರೆ ಕಾಮಾಕ್ಷಿ ಎರಡು ಬೆರಳೆತ್ತಿ ಚಹಾ ಪಾತ್ರೆಯತ್ತ ಕೈ ತೋರಿದರು. ಮೂಗಿ ಎಂದುಕೊಂಡು ಅವನು ಪಾಪ, ಒಂದು ಪಳಂಪೊರಿಯನ್ನೂ ತಂದಿಟ್ಟ. ನಂದಿತಾ ಬಾಳೆಹಣ್ಣಿನ ಆ ಬೋಂಡದ ಎಣ್ಣೆಯನ್ನು ಕಾಗದಕ್ಕೆ ಒತ್ತುತ್ತಾ ಕೂತಳು. ಆಮೇಲೆ, ಎಂದೂ ಇಲ್ಲದವಳು ಕನ್ನಡದಲ್ಲಿ ಮಾತಾಡಿದಳು.

“ಹಾಸ್ಟೆಲಲ್ಲಿ ಬಾತ್‌ರೂಮ್ ಬಾಗಿಲು ಹಾಕುವಾಗೆಲ್ಲ ಅದನ್ನ ಹಾಕ್ತಾರೆ. ಅದು ಬಿಡು. ಅದು ನಂಗೆ ಹೇಳ್ತಿದ್ದ ಮಾತು ಅಲ್ವಾ ಅಮ್ಮ? ನಂದು ಅಲ್ವಾ ಅದು? ಯಾಕೆ ಕೊಟ್ಟೆ ಅವ್ರಿಗೆ?”

ಕಾಮಾಕ್ಷಿಗೆ ಹೇಳಲು ಕಥೆಯಿತ್ತು. ಪಕ್ಕದ ಮೇಜಿನಲ್ಲಿ ಹುಡುಗರಿದ್ದರು, ಅವರ ಕೈಯಲ್ಲಿ ಫೋನುಗಳಿದ್ದವು. ಕಾಮಾಕ್ಷಿ ತಮ್ಮ ಫೋನ್ ತೆಗೆದು ಟೈಪು ಮಾಡಿದರು: ‘ನನಗೆ ಏನೂ ತೋರಿಸಿರಲಿಲ್ಲ ಪುಟ್ಟ. ಕತ್ತಲಿತ್ತು. ನೀನು ನೆನಪಾದೆ.’ ಮೇಜಿನ ಮೇಲೆ ಮಗಳತ್ತ ಸರಿಸಿದರು. ನಂದಿತಾ ಓದಿದಳು. ಅತ್ತಳು. ಆದರೂ ಗೇಟಿನ ತನಕ ಮಾತಾಡು ಎನ್ನಲಿಲ್ಲ.

ಅಂದಿನಿಂದ ಕಾಮಾಕ್ಷಿ ಮಾತು ಬಿಟ್ಟಿದ್ದಾರೆ. ವೈದ್ಯರು ಗಂಟಲು ನೋಡಿ ಏನೂ ಇಲ್ಲವೆಂದರು. “ನಮ್ಮನೇಲಿ ಈಗ ಕುಕ್ಕರ್ ಒಂದೇ ಕೂಗೋದು” ಎಂದು ವಿಶ್ವೇಶ್ವರ ನಗಲು ನೋಡುತ್ತಾರೆ, ಆಗುವುದಿಲ್ಲ. ಮಗಳು ಈಗ ದಿನವೂ ಕರೆ ಮಾಡುತ್ತಾಳೆ. “ಅಮ್ಮ, ಏನಾದ್ರೂ ಹೇಳು” ಎನ್ನುತ್ತಾಳೆ, ಕನ್ನಡದಲ್ಲೇ. ಇತ್ತ ಕಾಮಾಕ್ಷಿ ಫೋನನ್ನು ಕಿವಿಗೊತ್ತಿ ಉಸಿರಾಡುತ್ತಾರೆ. ಅತ್ತ, ಮಗಳ ಹಿಂದೆ ಹಾಸ್ಟೆಲಿನಲ್ಲಿ ಎಲ್ಲೋ ಬಾಗಿಲೊಂದು ಮುಚ್ಚಿಕೊಳ್ಳುತ್ತದೆ, ಆ ಸಾಲು ಮೊಳಗುತ್ತದೆ, ಯಾರೋ ನಗುತ್ತಾರೆ. ಕಾಮಾಕ್ಷಿ ಕರೆ ಕತ್ತರಿಸುತ್ತಾರೆ.

ಧಾರಾವಾಹಿಯ ಕಥೆ ನಿಮಗೆ ಹಿಡಿಸಲಿಲ್ಲವೇ, ಅದನ್ನು ಬರೆದವನನ್ನು ಬೈಯಿರಿ. ಅದು ನಿಮ್ಮ ಹಕ್ಕು. ಆದರೆ ಆ ಒಂದು ಸಾಲು ನಿಮ್ಮ ಫೋನಿನಲ್ಲಿ ಇನ್ನೂ ಇದೆ. ನೀವು ಒತ್ತಿದ ನಗುವಿನ ಮುದ್ರೆ ಇನ್ನೂ ಅಲ್ಲೇ ಇದೆ. ಈ ಪುಟವನ್ನು ಕೆಳಗಿಡಿ. ಫೋನ್ ಕೈಗೆತ್ತಿಕೊಳ್ಳಿ. ಎರಡನ್ನೂ ಅಳಿಸಿ.